ಪಹಣಿಗೆ ಬಾರದ ಹೆಸರು

ಕೊಬ್ಬರಿಗೆ ಬೆಂಬಲ ಬೆಲೆಯ ಖರೀದಿ ಶುರುವಾದಾಗ ರೈತರು ಮೊದಲು ಹೆಸರು ನೋಂದಾಯಿಸಬೇಕು. ಅದಕ್ಕೆ ಫ್ರೂಟ್ಸ್ ಎಂಬ ಸರ್ಕಾರಿ ರೈತ ನೋಂದಣಿಯ ಗುರುತಿನ ಸಂಖ್ಯೆ ಬೇಕು, ಆ ಸಂಖ್ಯೆಗೆ ಪಹಣಿ ಬೇಕು, ಪಹಣಿಯಲ್ಲಿ ಹೆಸರಿರಬೇಕು. 2024ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಲೆ ಕ್ವಿಂಟಾಲಿಗೆ 12,000 ರೂಪಾಯಿ. ಆ ಹಣ ಪಹಣಿದಾರನ ಬ್ಯಾಂಕ್ ಖಾತೆಗೆ ಹೋಗುತ್ತದೆ. ಬೋರನಕಣಿವೆಯ ಸುತ್ತಿನ ಹಳ್ಳಿಗಳಿಂದ ಹಿಡಿದು ಚಿಕ್ಕನಾಯಕನಹಳ್ಳಿ, ತುರುವೇಕೆರೆ, ತಿಪಟೂರಿನವರೆಗೆ ಹಬ್ಬಿರುವ ತೆಂಗಿನ ಸೀಮೆಯಲ್ಲಿ ಆ ಕೊಬ್ಬರಿಗೆ ಕೈಹಚ್ಚಿದವರೆಲ್ಲರ ಹೆಸರೂ ಪಹಣಿಯಲ್ಲಿ ಇರುವುದಿಲ್ಲ. ಕಾಯಿ ಆಯ್ದವಳು, ಹೊತ್ತವಳು, ಚಿಪ್ಪು ಒಡೆದವಳು, ಕೊಬ್ಬರಿ ಆರಿಸಿ ಚೀಲಕ್ಕೆ ತುಂಬಿದವಳು ಸರ್ಕಾರದ ಲೆಕ್ಕದಲ್ಲಿ ರೈತನ ಹೆಂಡತಿ, ರೈತನ ತಾಯಿ, ಇಲ್ಲವೇ ಕೂಲಿಯಾಳು. ದುಡಿಯುವ ಹೆಣ್ಣು ಯಾಕೆ ರೈತ ಎನಿಸಿಕೊಳ್ಳುವುದಿಲ್ಲ? ಸ್ತ್ರೀವಾದವನ್ನೂ ಅದರ ಒಳಗಿನ ಬೇರೆ ಬೇರೆ ಪಂಥಗಳನ್ನೂ ಅರ್ಥ ಮಾಡಿಕೊಳ್ಳಲು ಈ ಸೀಮೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗಲಾರದು.

ಈ ಬೆಳೆಯ ಸ್ವಭಾವವನ್ನು ಸ್ವಲ್ಪ ನೋಡೋಣ. ಕರಾವಳಿಯವರು ಕಾಯಿಯನ್ನು ಒಡೆದು ಒಣಗಿಸಿ ಎಣ್ಣೆಗೆ ಹಾಕುತ್ತಾರೆ. ತಿಪಟೂರಿನ ಕಡೆ ಬಲಿತ ಕಾಯಿಯನ್ನು ಇಡಿಯಾಗಿ ಅಟ್ಟಕ್ಕೆ ಏರಿಸಿ ಎಂಟು, ಹತ್ತು, ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಅಲುಗಾಡಿಸಿದರೆ ಸದ್ದು ಮಾಡತೊಡಗಿದಾಗ ಉಂಡೆ ಕೊಬ್ಬರಿ ತಯಾರು. ಅಂದರೆ ಈ ಸೀಮೆಯ ಮುಖ್ಯ ಸರಕು ಮುಗಿದ ರೂಪಕ್ಕೆ ಬರುವುದು ಹೊಲದಲ್ಲಲ್ಲ, ಬಹುಪಾಲು ಮನೆಯ ಅಟ್ಟದಲ್ಲಿ, ಇಲ್ಲವೇ ಮನೆಗೆ ಅಂಟಿದ ಕೊಬ್ಬರಿ ಕೊಠಡಿಯಲ್ಲಿ. ಅಟ್ಟ ತುಂಬುವುದು, ಇಲಿ-ಅಳಿಲಿನಿಂದ ಕಾಯುವುದು, ಇಳಿಸುವುದು, ಸುಲಿದ ಮೇಲೆ ಮಟ್ಟೆ ಒಟ್ಟುವುದು, ಚಿಪ್ಪನ್ನು ಒಲೆಗೂ ಮಾರಾಟಕ್ಕೂ ಬೇರೆ ಮಾಡುವುದು, ಗರಿ ಸೀಳಿ ಕಡ್ಡಿಪೊರಕೆ ಕಟ್ಟುವುದು ಎಲ್ಲವೂ ಅಡುಗೆ, ದನಕರು, ಮಕ್ಕಳ ಜೊತೆಜೊತೆಗೇ ನಡೆಯುತ್ತವೆ. ಉತ್ಪಾದನೆಯ ಜಾಗ ಮನೆಯೇ ಆದಾಗ ಅಲ್ಲಿ ದುಡಿಯುವ ಹೆಣ್ಣಿನ ಕೆಲಸ ಮನೆಗೆಲಸವೆಂದೇ ಕಾಣಿಸುತ್ತದೆ. ಮಾರುಕಟ್ಟೆಗೆ ಚೀಲ ಒಯ್ದು ಪಟ್ಟಿ ಬರೆಸಿಕೊಂಡು ಬರುವವನ ಕೆಲಸ ಮಾತ್ರ ಬೇಸಾಯವೆಂದು ಕಾಣಿಸುತ್ತದೆ.

ಸ್ತ್ರೀವಾದವೆಂದರೆ ಗಂಡಸರ ಮೇಲಿನ ಸಿಟ್ಟು ಎಂದು ತಿಳಿದವರಿದ್ದಾರೆ. ನಗರದ ಓದಿದ ಹೆಂಗಸರ ಮಾತು ಎಂದು ತಿಳಿದವರೂ ಇದ್ದಾರೆ. ಇವೆರಡೂ ತಪ್ಪು ತಿಳಿವಳಿಕೆ. ಹೆಣ್ಣು ಹೆಣ್ಣಾಗಿರುವ ಕಾರಣಕ್ಕೆ ಅವಳಿಗೆ ಸಲ್ಲಬೇಕಾದದ್ದು ತಪ್ಪಿಹೋಗುತ್ತಿದೆ, ಅದು ನಿಸರ್ಗದ ಕಟ್ಟಳೆಯಲ್ಲ, ಮನುಷ್ಯರು ಮಾಡಿದ ಏರ್ಪಾಡು, ಆದ್ದರಿಂದ ಬದಲಾಯಿಸಬಹುದಾದದ್ದು ಎಂಬ ನಂಬಿಕೆಯಷ್ಟೇ ಎಲ್ಲ ಸ್ತ್ರೀವಾದಿಗಳಿಗೂ ಸಮಾನ. ಆ ಏರ್ಪಾಡಿನ ಬೇರು ಎಲ್ಲಿದೆ ಎಂಬಲ್ಲಿ ಅವರು ಬೇರೆಯಾಗುತ್ತಾರೆ. ಕಾನೂನಿನಲ್ಲಿದೆ ಎಂದವರು ಉದಾರವಾದಿಗಳು, ಆಸ್ತಿ ಮತ್ತು ದುಡಿಮೆಯ ಸಂಬಂಧದಲ್ಲಿದೆ ಎಂದವರು ಮಾರ್ಕ್ಸ್‌ವಾದಿಗಳು, ಕುಟುಂಬ ಮತ್ತು ದೇಹದ ಮೇಲಿನ ಹಿಡಿತದಲ್ಲಿದೆ ಎಂದವರು ತೀವ್ರವಾದಿಗಳು, ಜಾತಿಯನ್ನು ಬಿಟ್ಟು ಹೆಣ್ಣಿನ ಮಾತನ್ನೇ ಆಡಲಾಗದು ಎಂದವರು ದಲಿತ ಸ್ತ್ರೀವಾದಿಗಳು, ನೀರು-ನೆಲದ ಲೂಟಿಗೂ ಹೆಣ್ಣಿನ ಅಧೀನತೆಗೂ ನಂಟಿದೆ ಎಂದವರು ಪರಿಸರ ಸ್ತ್ರೀವಾದಿಗಳು. ಇವನ್ನು ಪರೀಕ್ಷೆಗೆ ಓದುವ ಪಟ್ಟಿಯಂತೆ ನೋಡಿದರೆ ಏನೂ ದಕ್ಕುವುದಿಲ್ಲ. ತೆಂಗಿನ ತೋಟದ ಪಹಣಿಯೆಂಬ ಒಂದೇ ಕಾಗದದ ಮುಂದೆ ಒಂದೊಂದಾಗಿ ನಿಲ್ಲಿಸಿದರೆ ಪ್ರತಿಯೊಂದರ ಶಕ್ತಿಯೂ ಮಿತಿಯೂ ತಿಳಿಯುತ್ತವೆ. ನನ್ನ ವಾದ ಇಷ್ಟು: ಈ ಸೀಮೆಯಲ್ಲಿ ಹೆಣ್ಣಿನ ಬಿಡುಗಡೆಯ ಮೊದಲ ಮೆಟ್ಟಿಲು ತೋಟದ ಮೇಲಿನ ಹಕ್ಕು, ಆ ಹಕ್ಕು ಕಾಗದದ ಮೇಲೆ ಬಂದು ದಶಕಗಳಾದರೂ ಕೈಗೆ ಬಂದಿಲ್ಲ, ಯಾಕೆ ಬಂದಿಲ್ಲ ಎಂಬುದನ್ನು ಯಾವ ಒಂದು ಪಂಥವೂ ತಾನೊಂದೇ ಹೇಳಲಾರದು.

ಉದಾರವಾದಿ ಪಂಥದಿಂದ ಶುರು ಮಾಡೋಣ. 1792ರಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್, 1869ರಲ್ಲಿ ಜಾನ್ ಸ್ಟುವರ್ಟ್ ಮಿಲ್ ಇಂಗ್ಲೆಂಡಿನಲ್ಲಿ ಬರೆದ ಪುಸ್ತಕಗಳ ತಿರುಳೆಂದರೆ ಹೆಣ್ಣಿಗೂ ವಿವೇಕವಿದೆ, ಆದ್ದರಿಂದ ಶಿಕ್ಷಣ, ಮತ, ಆಸ್ತಿ, ಕಾನೂನುಗಳಲ್ಲಿ ಸಮಾನ ಅವಕಾಶ ಕೊಡಬೇಕು ಎಂಬುದು. ನಮ್ಮ ಸೀಮೆಯಲ್ಲಿ ಈ ವಿಚಾರಕ್ಕೆ ಹೆಮ್ಮೆಪಡಬಹುದಾದ ಚರಿತ್ರೆಯಿದೆ. ತುಮಕೂರು ಜಿಲ್ಲೆ ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದು. ಆ ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ತಂದು ಕುಟುಂಬದ ವಿಭಾಗದ ಹೊತ್ತಿನಲ್ಲಿ ವಿಧವೆಗೆ, ತಾಯಿಗೆ, ಮದುವೆಯಾಗದ ಮಗಳಿಗೆ ಪಾಲು ಗೊತ್ತುಮಾಡಿತು. ಮಗಳ ಪಾಲು ಗಂಡುಮಕ್ಕಳದಕ್ಕಿಂತ ಕಡಿಮೆಯೇ ಇತ್ತು. ಆದರೂ ಬ್ರಿಟಿಷ್ ಭಾರತದಲ್ಲಿ ವಿಧವೆಯರಿಗಷ್ಟೇ ಹಕ್ಕು ಕೊಟ್ಟ ಕಾಯ್ದೆ ಬಂದದ್ದು ಇದಾದ ನಾಲ್ಕು ವರ್ಷಕ್ಕೆ, 1937ರಲ್ಲಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಟ್ಟು, ಪಿತ್ರಾರ್ಜಿತವನ್ನು ಗಂಡುಮಕ್ಕಳ ಕೈಯಲ್ಲೇ ಉಳಿಸಿತು. ಕರ್ನಾಟಕ ತನ್ನ ತಿದ್ದುಪಡಿಯ ಮೂಲಕ 1994ರ ಜುಲೈ 30ರಿಂದ ಪಿತ್ರಾರ್ಜಿತದಲ್ಲೂ ಮಗಳನ್ನು ಹುಟ್ಟಿನಿಂದಲೇ ಪಾಲುದಾರಳನ್ನಾಗಿಸಿತು. ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆದುಹಾಕಿತು. ಆ ದಿನ ತಂದೆ ಬದುಕಿರಲೇಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಸಿತು: ಬದುಕಿರಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದ ಬಂದದ್ದು.

ಕಾನೂನಿನ ಮಟ್ಟದಲ್ಲಿ ಇದಕ್ಕಿಂತ ದೊಡ್ಡ ಗೆಲುವನ್ನು ಕೇಳುವಂತಿಲ್ಲ. ಆದರೆ 2015-16ರ ಕೃಷಿ ಗಣತಿಯಲ್ಲಿ ದೇಶದ ಸಾಗುವಳಿ ಹಿಡುವಳಿಗಳ ಪೈಕಿ ಹೆಂಗಸರ ಹೆಸರಿನಲ್ಲಿದ್ದದ್ದು ಶೇ. 14ರಷ್ಟು ಮಾತ್ರ. ಮಿಕ್ಕದ್ದು ಎಲ್ಲಿ ಸೋರಿಹೋಯಿತು ಎಂಬುದು ತಾಲ್ಲೂಕು ಕಚೇರಿಯ ಕಾಗದಪತ್ರದ ದಾರಿ ಬಲ್ಲವರಿಗೆ ಗೊತ್ತು. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬರುತ್ತದೆ. ಅದರ ಬೆನ್ನಿಗೇ ಅವರ ಒಪ್ಪಿಗೆ ಪತ್ರವೂ ಬರುತ್ತದೆ. ವಿಭಾಗವಾಗುವಾಗ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರೆ. ಒಂದು ಸೀರೆ, ಸ್ವಲ್ಪ ಹಣ, ಹಬ್ಬಕ್ಕೆ ಕರೆಯುವ ಭರವಸೆ ಸಿಗುತ್ತವೆ. ಕಾನೂನು ಮುರಿದವರು ಯಾರೂ ಇಲ್ಲ. ಹಕ್ಕು ಇತ್ತು, ಹಕ್ಕುದಾರಳೇ ಬಿಟ್ಟುಕೊಟ್ಟಳು. ಪಂಚಾಯಿತಿಯಲ್ಲೂ ಇದೇ ಕಥೆ. ಕರ್ನಾಟಕ 1983ರ ಕಾಯ್ದೆಯಲ್ಲೇ ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಶೇ. 25 ಮೀಸಲಾತಿ ತಂದಿತು, ಈಗ ಅದು ಶೇ. 50. ಆ ಮೀಸಲಾತಿಯಿಂದ ಗಟ್ಟಿಯಾದ ನಾಯಕಿಯರು ಬಂದಿದ್ದಾರೆ, ಜೊತೆಗೆ ಅಧ್ಯಕ್ಷೆಯ ಕುರ್ಚಿಯ ಪಕ್ಕದಲ್ಲಿ ಕೂತು ಆಡಳಿತ ನಡೆಸುವ ಗಂಡಂದಿರೂ ಬಂದಿದ್ದಾರೆ. ಬಾಗಿಲು ತೆರೆದರೆ ಸಾಕು, ಒಳಗೆ ಬರುವುದು ಅವರವರ ಇಚ್ಛೆ ಎಂಬ ಉದಾರವಾದಿ ನಂಬಿಕೆ ಇಲ್ಲಿ ಸೋಲುತ್ತದೆ. ಇಚ್ಛೆ ಹುಟ್ಟುವುದು ಕಚೇರಿಯಲ್ಲಿ ಅಲ್ಲ, ಅದಕ್ಕೂ ಮುಂಚೆ ಮನೆಯಲ್ಲಿ.

ಮಾರ್ಕ್ಸ್‌ವಾದಿ ಸ್ತ್ರೀವಾದ ಇಲ್ಲಿಂದ ಮುಂದಕ್ಕೆ ಕೈಹಿಡಿಯುತ್ತದೆ. ಖಾಸಗಿ ಆಸ್ತಿಯನ್ನು ತನ್ನ ಸ್ವಂತ ಗಂಡುಸಂತಾನಕ್ಕೇ ದಾಟಿಸಬೇಕೆಂಬ ಆಸೆಯಿಂದ ಹೆಣ್ಣಿನ ಅಧೀನತೆ ಬೇರೂರಿತು ಎಂದು ಎಂಗೆಲ್ಸ್ 1884ರಲ್ಲಿ ವಾದಿಸಿದ. ಅವನು ಆಧಾರವಾಗಿಟ್ಟುಕೊಂಡ ಮಾನವಶಾಸ್ತ್ರ ಇಂದು ಪೂರ್ತಿ ನಿಲ್ಲುವುದಿಲ್ಲ. ಆದರೆ ತೆಂಗಿನ ತೋಟಕ್ಕೆ ಅವನ ಮಾತು ಬಹಳ ಹತ್ತಿರದ್ದು. ರಾಗಿ ಹೊಲದ ಬೆಲೆ ಮಣ್ಣಿನಲ್ಲಿದೆ. ತೆಂಗಿನ ತೋಟದ ಬೆಲೆ ನಿಂತ ಮರಗಳಲ್ಲಿದೆ. ಒಮ್ಮೆ ನೆಟ್ಟ ಸಸಿ ಎರಡು-ಮೂರು ತಲೆಮಾರಿಗೆ ಫಲ ಕೊಡುತ್ತದೆ. ಹಾಗಾಗಿ ತೋಟವೆಂಬುದು ವಂಶದ ಹೆಸರಿಗೆ ಅಂಟಿಕೊಂಡ ಆಸ್ತಿ, ಅದನ್ನು ಬೇರೆ ಮನೆಗೆ ಹೋಗುವವಳ ಹೆಸರಿಗೆ ಬರೆಯುವುದೆಂದರೆ ವಂಶದ ಬೇರನ್ನೇ ಕಿತ್ತಂತೆ ಎಂಬ ಭಾವನೆ ಇಲ್ಲಿ ಬಲವಾಗಿದೆ. ಇನ್ನು ದುಡಿಮೆಯ ಲೆಕ್ಕ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವವರ ಪೈಕಿ ಹೆಂಗಸರು ದಿನಕ್ಕೆ 289 ನಿಮಿಷ ಕಳೆಯುತ್ತಾರೆ, ಗಂಡಸರು 88 ನಿಮಿಷ. ಕೂಲಿಗೆ ಹೋದರೂ ಗಂಡಾಳಿಗೊಂದು ದರ, ಹೆಣ್ಣಾಳಿಗೊಂದು ದರ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ; ಹಳ್ಳಿಯಲ್ಲಿ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಕಂಡದ್ದು ಮುಖ್ಯವಾಗಿ ಉದ್ಯೋಗ ಖಾತರಿಯ ಕೆಲಸದಲ್ಲಿ. ತಿಪಟೂರಿನ ಸುತ್ತಲಿನ ತೆಂಗಿನಪುಡಿ ಕಾರ್ಖಾನೆಗಳಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವ ಕೆಲಸ ಬಹುಮಟ್ಟಿಗೆ ಹೆಂಗಸರದ್ದು, ಅದೂ ಸಾಮಾನ್ಯವಾಗಿ ತುಂಡುಗೂಲಿಯ ಲೆಕ್ಕದಲ್ಲಿ.

ಮನೆಗೆಲಸಕ್ಕೂ ಕೂಲಿ ಬೇಕು ಎಂಬ ಬೇಡಿಕೆ 1970ರ ದಶಕದಲ್ಲಿ ಇಟಲಿ, ಇಂಗ್ಲೆಂಡುಗಳಲ್ಲಿ ಎದ್ದಿತ್ತು. ಸೆಲ್ಮಾ ಜೇಮ್ಸ್, ಮರಿಯಾರೋಸಾ ದಲ್ಲಾ ಕೋಸ್ತಾ ಅದನ್ನು ಮುಂದಿಟ್ಟವರು. ಕರ್ನಾಟಕದಲ್ಲಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯಡಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಬರುತ್ತಿದೆ. ಇದನ್ನು ಬಿಟ್ಟಿ ಭಾಗ್ಯವೆಂದು ಹಂಗಿಸುವವರು ಮೇಲಿನ 289 ನಿಮಿಷವನ್ನು ಒಮ್ಮೆ ಲೆಕ್ಕ ಹಾಕಬೇಕು: ತಿಂಗಳಿಗೆ ಅದು ಹೆಚ್ಚುಕಡಿಮೆ 145 ಗಂಟೆಯ ದುಡಿಮೆ. ಆದರೆ ಈ ಹಣವನ್ನು ಕೂಲಿ ಎಂದು ಕರೆಯಲೂ ಬಾರದು. ಕೂಲಿ ಕೇಳಿ ಪಡೆಯುವಂಥದ್ದು, ಕೊಡದಿದ್ದರೆ ಜಗಳವಾಡಬಹುದಾದದ್ದು. ನೆರವು ಕೊಡುವವರ ಮನಸ್ಸಿಗೆ ಬಿಟ್ಟದ್ದು. ಹೆಣ್ಣಿನ ಕೈಗೆ ನೇರವಾಗಿ ಬಂದ ಎರಡು ಸಾವಿರ ಒಳ್ಳೆಯದೇ, ಅದನ್ನು ಉಳಿಸಿಕೊಳ್ಳಬೇಕು. ಅದರಿಂದ ಅವಳು ಮನೆಯ ಯಜಮಾನಿಯಾದಳು, ತೋಟದ ಯಜಮಾನಿಯಾಗಲಿಲ್ಲ. ಮಾರ್ಕ್ಸ್‌ವಾದದ ಮಿತಿಯೂ ಇಲ್ಲಿಯೇ ತೋರುತ್ತದೆ. ಅಣ್ಣ-ತಂಗಿ ಇಬ್ಬರೂ ಒಂದೇ ವರ್ಗಕ್ಕೆ ಸೇರಿದವರು, ಒಂದೇ ತೋಟದ ಅನ್ನ ಉಂಡವರು. ಒಬ್ಬನಿಗೆ ತೋಟ, ಇನ್ನೊಬ್ಬಳಿಗೆ ಸೀರೆ ಯಾಕೆ ಎಂಬುದನ್ನು ವರ್ಗದ ಲೆಕ್ಕವೊಂದೇ ವಿವರಿಸಲಾರದು.

1970ರ ಸುಮಾರಿಗೆ ಅಮೆರಿಕದಲ್ಲಿ ಕೇಟ್ ಮಿಲೆಟ್, ಶುಲಮಿತ್ ಫೈರ್‌ಸ್ಟೋನ್ ಮುಂತಾದವರು ಕಟ್ಟಿದ ತೀವ್ರವಾದಿ ಪಂಥ ಈ ಗಂಟನ್ನು ಕುಟುಂಬದಲ್ಲೇ ಹುಡುಕಿತು. ಮನೆಯೊಳಗಿನದು ಖಾಸಗಿ, ಅದಕ್ಕೆ ರಾಜಕೀಯವಿಲ್ಲ ಎಂಬ ಮಾತನ್ನು ಅವರು ಒಪ್ಪಲಿಲ್ಲ. ಹಕ್ಕು ಬಿಡುಗಡೆ ಪತ್ರದ ಹಿಂದೆ ಕೆಲಸ ಮಾಡುವುದು ಏನು ಎಂದು ಕೇಳಿದರೆ ಈ ಪಂಥದ ಬೆಲೆ ತಿಳಿಯುತ್ತದೆ. ಅಲ್ಲಿ ಕೋಲಿಲ್ಲ, ಬೆದರಿಕೆಯೂ ಇಲ್ಲದಿರಬಹುದು. ತವರು ಇದೆ. ಪಾಲು ಕೇಳಿದರೆ ಗೌರಿಹಬ್ಬಕ್ಕೆ ಬಾಗಿನ ಬರುವುದಿಲ್ಲ, ಬಾಣಂತನಕ್ಕೆ ಕರೆಯುವುದಿಲ್ಲ, ಗಂಡನ ಮನೆಯಲ್ಲಿ ಕಷ್ಟವಾದರೆ ಹೋಗಿ ನಿಲ್ಲಲು ಜಾಗವಿರುವುದಿಲ್ಲ ಎಂಬ ಭಯ ಇದೆ. ಆ ಭಯ ಹುಚ್ಚು ಭಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರ ಪೈಕಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಪೆಟ್ಟು ತಿಂದವಳಿಗೆ ತವರಿನ ಬಾಗಿಲು ಬೇಕೇ ಬೇಕು, ಆ ಬಾಗಿಲನ್ನು ತೆರೆದಿಡಲು ತೋಟ ಬಿಟ್ಟುಕೊಡುತ್ತಾಳೆ. ತೋಟವಿಲ್ಲದ್ದರಿಂದ ಮತ್ತೆ ಆ ಬಾಗಿಲನ್ನೇ ನಂಬಬೇಕಾಗುತ್ತದೆ. ಈ ಸುತ್ತನ್ನು ಮುರಿಯಬಹುದೆಂಬುದಕ್ಕೆ ಆಧಾರ ಪಕ್ಕದ ಕೇರಳದಲ್ಲಿದೆ. ತಿರುವನಂತಪುರ ಜಿಲ್ಲೆಯಲ್ಲಿ ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್‌ವಾಲ್ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ತಿಯಿಲ್ಲದ ಹೆಂಗಸರ ಪೈಕಿ ಶೇ. 49 ಮಂದಿ ದೈಹಿಕ ಹಿಂಸೆ ಅನುಭವಿಸಿದ್ದರು. ಜಮೀನು, ಮನೆ ಎರಡೂ ಇದ್ದವರಲ್ಲಿ ಆ ಪ್ರಮಾಣ ಶೇ. 7. ಆಸ್ತಿಯೊಂದರಿಂದಲೇ ಹೀಗಾಯಿತು ಎಂದು ಖಡಾಖಂಡಿತವಾಗಿ ಹೇಳಲು ಬರುವುದಿಲ್ಲವಾದರೂ, ಎದ್ದು ಹೊರಡಲು ಜಾಗವಿರುವವಳ ಮೇಲೆ ಕೈಯೆತ್ತುವ ಮುನ್ನ ಗಂಡ ಎರಡು ಸಲ ಯೋಚಿಸುತ್ತಾನೆ ಎಂಬುದು ಅರ್ಥವಾಗದ ವಿಷಯವೇನಲ್ಲ.

ದೇಹದ ಮೇಲಿನ ಹಿಡಿತದ ಮಾತು ಬಂದಾಗ ಈ ಸೀಮೆಯವರು ಒಂದು ಕಹಿ ಸಂಗತಿಯನ್ನು ಎದುರಿಸಲೇಬೇಕು. ಚಿಕ್ಕನಾಯಕನಹಳ್ಳಿ, ಶಿರಾ, ಹಿರಿಯೂರು ಕಡೆಯ ಹಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ರೂಢಿ ಇದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿನ ಗುಡಿಸಿಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಇದಕ್ಕೆ ಸರ್ಕಾರ ಹುಡುಕಿದ ಪರಿಹಾರಗಳಲ್ಲಿ ಒಂದು ಕೃಷ್ಣ ಕುಟೀರ: ಗುಡಿಸಿಲಿನ ಬದಲು ಹೆಂಗಸರು ಇರಲು ಪಕ್ಕಾ ಕಟ್ಟಡ. ಮಳೆ-ಚಳಿಯಿಂದ ಒಬ್ಬ ತಾಯಿಯನ್ನು ಕಾಪಾಡುವುದಾದರೆ ಆ ಕಟ್ಟಡಕ್ಕೆ ಬೆಲೆಯಿದೆ. ಆದರೆ ಹೊರಗಿಡುವ ರೂಢಿಗೆ ಸರ್ಕಾರಿ ಗೋಡೆ, ಸರ್ಕಾರಿ ಸೂರು ಸಿಕ್ಕಂತೆಯೂ ಆಯಿತು. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ ಮುಟ್ಟಾದ ಹೆಂಗಸರನ್ನು ಬಲವಂತವಾಗಿ ಬೇರೆಯಿಡುವುದನ್ನು ಅಪರಾಧವೆಂದು ಸಾರಿದೆ. ಇಷ್ಟು ಹೇಳಿ ಬೊಟ್ಟನ್ನು ಗೊಲ್ಲರಹಟ್ಟಿಯತ್ತ ಮಾತ್ರ ತೋರಿಸಿದರೆ ಅದು ಅನ್ಯಾಯ. ಹೊರಗಾದವಳು ಅಡುಗೆಮನೆಗೆ ಬರಬಾರದು, ದೇವರಮನೆ ಮುಟ್ಟಬಾರದು ಎಂಬ ಕಟ್ಟಳೆ ಮೇಲ್ಜಾತಿಯ ಮನೆಗಳಲ್ಲೂ ಪೇಟೆಯ ಮನೆಗಳಲ್ಲೂ ಇದೆ; ಅಲ್ಲಿ ಗೋಡೆ ಕಾಣಿಸುವುದಿಲ್ಲ ಅಷ್ಟೇ. ಮನೆಯ ಮಡಿ ವಂಶದ್ದು, ತೋಟದ ಹೆಸರೂ ವಂಶದ್ದು. ಹೆಣ್ಣು ಆ ಎರಡರ ಮಧ್ಯೆ ಬಂದುಹೋಗುವವಳು ಎಂಬ ಒಂದೇ ತಿಳಿವಳಿಕೆ ಕುಟೀರದ ಹಿಂದೆಯೂ ಇದೆ, ಬಿಡುಗಡೆ ಪತ್ರದ ಹಿಂದೆಯೂ ಇದೆ.

ಇಲ್ಲಿಯವರೆಗಿನ ಮಾತೆಲ್ಲ ತೋಟ ಇರುವ ಮನೆಯ ಹೆಣ್ಣಿನದು. ತೋಟವೇ ಇಲ್ಲದ ಮನೆಯವಳಿಗೆ ಉತ್ತರಾಧಿಕಾರ ಕಾಯ್ದೆಯಿಂದ ಏನು ಬಂತು? ಇದು ದಲಿತ ಸ್ತ್ರೀವಾದದ ಪ್ರಶ್ನೆ, ಮಿಕ್ಕೆಲ್ಲ ಪಂಥಗಳೂ ತಲೆತಗ್ಗಿಸಿ ಕೇಳಬೇಕಾದ ಪ್ರಶ್ನೆ. ಅಂಬೇಡ್ಕರ್ 1916ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಸಿದ ಪ್ರಬಂಧದಲ್ಲಿ ಜಾತಿ ಉಳಿದಿರುವುದು ಒಳಜಾತಿ ಮದುವೆಯಿಂದ, ಆ ಮದುವೆ ಉಳಿದಿರುವುದು ಹೆಣ್ಣಿನ ಮೇಲಿನ ಕಟ್ಟುಪಾಡಿನಿಂದ ಎಂದು ತೋರಿಸಿದರು. ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹಗಳನ್ನು ಅವರು ಜಾತಿಯ ಸಾಧನಗಳಾಗಿ ಕಂಡರು. 1951ರಲ್ಲಿ ಅವರು ಮಂತ್ರಿ ಪದವಿಯನ್ನೇ ಬಿಟ್ಟುಬಂದದ್ದಕ್ಕೆ ಹಿಂದೂ ಸಂಹಿತೆ ಮಸೂದೆ ನೆನೆಗುದಿಗೆ ಬಿದ್ದದ್ದು ಒಂದು ಮುಖ್ಯ ಕಾರಣ. ಅವರ ಒಳನೋಟವನ್ನು ತೋಟಕ್ಕೆ ತಂದರೆ ಹೀಗಾಗುತ್ತದೆ: ಮಗಳ ಕೈಗೆ ತೋಟ ಹೋದರೆ ಅವಳು ತನಗೆ ಬೇಕಾದವನನ್ನು ಮದುವೆಯಾದಾಳು, ತೋಟ ಜಾತಿಯ ಹೊರಗೆ ಹೋದೀತು ಎಂಬ ಹೆದರಿಕೆ. ಹೆಣ್ಣಿನ ಪಾಲಿಗೂ ಹೆಣ್ಣಿನ ಮದುವೆಗೂ ಬೇಲಿ ಹಾಕಿರುವುದು ಒಂದೇ ಕೈ. ಬೆಂಗಳೂರಿನ ರೂತ್ ಮನೋರಮಾ ಮುಂದಾಳುತನದಲ್ಲಿ 1995ರಲ್ಲಿ ಹುಟ್ಟಿದ ರಾಷ್ಟ್ರೀಯ ದಲಿತ ಮಹಿಳಾ ಒಕ್ಕೂಟ ದಲಿತ ಹೆಣ್ಣಿನ ಮೇಲೆ ಜಾತಿ, ವರ್ಗ, ಲಿಂಗ ಮೂರೂ ಒಟ್ಟಿಗೇ ಬೀಳುತ್ತವೆ ಎಂದು ಸಾರಿತು. ಅಮೆರಿಕದ ಕಪ್ಪು ಹೆಂಗಸರ ಅನುಭವದಿಂದ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಮಂಡಿಸಿದ ವಾದವೂ ಇದಕ್ಕೆ ಹತ್ತಿರದ್ದೇ. ತೋಟದೊಡತಿಯ ಪಾಲಿನ ಹೋರಾಟ ಗೆದ್ದ ಮೇಲೂ ಅವಳ ತೋಟದಲ್ಲಿ ಮಟ್ಟೆ ಹೊರುವ ದಲಿತ ಹೆಣ್ಣಿಗೆ ಅರೆಗೂಲಿಯೇ ಉಳಿದರೆ ಆ ಗೆಲುವು ಅರೆಗೆಲುವು. ಕರ್ನಾಟಕದಲ್ಲಿ ಇದಕ್ಕೊಂದು ದಾರಿ ಇದೆ. ಪರಿಶಿಷ್ಟ ಜಾತಿಯ ಭೂರಹಿತ ಕೃಷಿ ಕಾರ್ಮಿಕ ಹೆಂಗಸರಿಗೆ ಅವರದೇ ಹೆಸರಿನಲ್ಲಿ ಎರಡು ಎಕರೆ ಖುಷ್ಕಿ, ಒಂದು ಎಕರೆ ತರಿ ಅಥವಾ ಅರ್ಧ ಎಕರೆ ಬಾಗಾಯ್ತು ಕೊಡಿಸುವ ಭೂ ಒಡೆತನ ಯೋಜನೆ ಅದು. ಹೆಣ್ಣು ಎಂಬುದನ್ನೂ ಜಾತಿ ಎಂಬುದನ್ನೂ ಒಟ್ಟಿಗೆ ಗಮನಿಸಿದ ಈ ಯೋಜನೆಗೆ ಸಿಗಬೇಕಾದಷ್ಟು ಗಮನವೂ ಹಣವೂ ಸಿಗಬೇಕು.

ಪರಿಸರ ಸ್ತ್ರೀವಾದದ ಬಗ್ಗೆ ಒಂದು ಮಾತು. ವಂದನಾ ಶಿವ 1988ರಲ್ಲಿ ಬರೆದ ಪುಸ್ತಕ ಹೆಣ್ಣನ್ನೂ ಪ್ರಕೃತಿಯನ್ನೂ ಒಂದೇ ಬಗೆಯ ಅಭಿವೃದ್ಧಿ ಹಿಂಡುತ್ತಿದೆ ಎಂದು ವಾದಿಸಿತು. ಬೀನಾ ಅಗರ್‌ವಾಲ್ ಅದಕ್ಕೆ ತಿದ್ದುಪಡಿ ಹೇಳಿದರು: ಹೆಣ್ಣು ಹುಟ್ಟಿನಿಂದ ಪ್ರಕೃತಿಗೆ ಹತ್ತಿರದವಳೇನಲ್ಲ, ಸೌದೆ-ನೀರು-ಮೇವಿನ ಹೊಣೆ ಅವಳ ತಲೆಗೆ ಬಿದ್ದಿರುವುದರಿಂದ ಅವು ಕೆಟ್ಟಾಗ ಮೊದಲ ಪೆಟ್ಟು ಅವಳಿಗೆ. ಈ ತಿದ್ದುಪಡಿಯೇ ನಮ್ಮ ಸೀಮೆಗೆ ಸರಿಹೊಂದುತ್ತದೆ. ಸುವರ್ಣಮುಖಿಗೆ ಕಟ್ಟಿದ ಬೋರನಕಣಿವೆ ಜಲಾಶಯ ಮಳೆ ಕೈಕೊಟ್ಟ ವರ್ಷಗಳಲ್ಲಿ ತಳ ಕಾಣುತ್ತದೆ; ಆಗ ತೋಟ ಉಳಿಸಲು ಕೊಳವೆಬಾವಿಗಳು ಆಳಕ್ಕೆ, ಇನ್ನೂ ಆಳಕ್ಕೆ ಇಳಿಯುತ್ತವೆ. ಕೊಳವೆಬಾವಿ ಎಲ್ಲಿ ಕೊರೆಸಬೇಕು, ಅದಕ್ಕೆ ಎಷ್ಟು ಸಾಲ ಮಾಡಬೇಕು, ತೆಂಗಿನ ಜೊತೆಗೆ ನೀರು ಬೇಡುವ ಅಡಿಕೆ ಹಾಕಬೇಕೇ ಎಂಬ ತೀರ್ಮಾನ ಪಹಣಿದಾರನದು. ನೀರು ಬತ್ತಿ, ನುಸಿರೋಗವೋ ಕಪ್ಪುತಲೆ ಹುಳುವೋ ತಗುಲಿ ತೋಟ ಸೊರಗಿದಾಗ ಸ್ವಸಹಾಯ ಸಂಘದ ಸಾಲ ತಂದು ಮನೆ ನಡೆಸುವ ಹೊಣೆ ಹೆಂಡತಿಯದು. ಸಾಲದಲ್ಲಿ ಪಾಲು, ತೀರ್ಮಾನದಲ್ಲಿ ಪಾಲಿಲ್ಲ ಎಂಬ ಈ ಏರ್ಪಾಡು ನೆಲ-ನೀರಿಗೂ ಒಳ್ಳೆಯದು ಮಾಡಿಲ್ಲ.

ಇಷ್ಟೆಲ್ಲ ಪಶ್ಚಿಮದ ಹೆಸರು ಕೇಳಿದ ಮೇಲೆ ಇದು ಹೊರಗಿನಿಂದ ತಂದ ಸರಕು ಎಂಬ ಆಕ್ಷೇಪ ಬರುವುದು ಸಹಜ. ಪಂಥಗಳ ಹೆಸರು ಹೊರಗಿನವು ನಿಜ, ಪ್ರಶ್ನೆ ಹೊರಗಿನದಲ್ಲ. ಹನ್ನೆರಡನೆಯ ಶತಮಾನದ ಶರಣೆಯರು, ಹದಿನೇಳನೆಯ ಶತಮಾನದಲ್ಲಿ ಮೈಸೂರಿನ ಅರಮನೆಯಲ್ಲಿದ್ದ ಸಂಚಿ ಹೊನ್ನಮ್ಮ ಹೆಣ್ಣನ್ನು ಹೀಗಳೆಯುವವರಿಗೆ ಎದುರಾಡಿದ್ದು ಕನ್ನಡದಲ್ಲಿ. ಪತಿವ್ರತೆಯ ಧರ್ಮವನ್ನು ಹೇಳುವ ಕೃತಿಯೊಳಗೇ ಹೊನ್ನಮ್ಮ ಆ ಪ್ರಶ್ನೆ ಎತ್ತಿದಳೆಂಬುದು ಗಮನಿಸಬೇಕಾದ ಸಂಗತಿ: ಪರಂಪರೆಯ ಒಳಗೆ ನಿಂತು ಪರಂಪರೆಯನ್ನು ಕೇಳಬಹುದು. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ 1913ರಲ್ಲಿ ತಮ್ಮದೇ ಗ್ರಂಥಮಾಲೆ ಶುರು ಮಾಡಿ ಬರೆದರು, ಅಚ್ಚು ಹಾಕಿಸಿದರು, ಪತ್ರಿಕೆ ನಡೆಸಿದರು. 1970ರ ದಶಕದ ಕೊನೆಯಲ್ಲಿ ಮೈಸೂರಿನ ಸಮತಾ ವೇದಿಕೆಯಲ್ಲಿ ವಿಜಯಾ ದಬ್ಬೆ ಮತ್ತು ಸಂಗಾತಿಗಳು ಓದು-ಬರಹವನ್ನು ಬೀದಿಯ ಹೋರಾಟಕ್ಕೆ ಜೋಡಿಸಿದರು. ತಿಪಟೂರಿಗೆ ನೆರೆಯ ಹಾಸನದ ಬಾನು ಮುಷ್ತಾಕ್, ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಮುಸ್ಲಿಂ ಮನೆಯ ಹೆಣ್ಣಿನ ಅಳಲನ್ನು ಆ ಸಮುದಾಯದ ಒಳಗಿನಿಂದಲೇ ಬರೆದರು. ಬಾನು ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದಾಗ 1970ರ ದಶಕದಲ್ಲಿ ಶುರುವಾದ ಬಂಡಾಯ ಸಾಹಿತ್ಯದ ಕನ್ನಡ ದನಿಯನ್ನೇ ಜಗತ್ತು ಕೇಳಿತು. ಎಲ್ಲ ನಾಡಿನ ಹೆಂಗಸರನ್ನೂ ಒಂದೇ ಅಚ್ಚಿನ ದೀನರೆಂದು ಕಾಣುವ ಪಾಶ್ಚಾತ್ಯ ಬರಹಗಳನ್ನು ಚಂದ್ರಾ ತಲಪಡೆ ಮೊಹಾಂತಿ 1984ರಲ್ಲೇ ಖಂಡಿಸಿದ್ದಾರೆ. ಎರವಲು ತಂದದ್ದನ್ನು ಪರೀಕ್ಷಿಸಿ ಬಳಸುವ ವಿವೇಕ ಸ್ತ್ರೀವಾದದ ಒಳಗೇ ಇದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಮಗಳ ಮದುವೆಗೆ ಸಾಲ ಮಾಡಿದ್ದೇವೆ, ಒಡವೆ ಹಾಕಿದ್ದೇವೆ. ಕೊಳವೆಬಾವಿಯ ಸಾಲ ತೀರಿಸಿದವನು, ಅಪ್ಪ-ಅಮ್ಮನನ್ನು ಕೊನೆಗಾಲದಲ್ಲಿ ನೋಡಿಕೊಂಡವನು ಅಣ್ಣ. ಈಗ ಅವಳಿಗೂ ಸಮಪಾಲು ಎಂದರೆ ಅಣ್ಣನಿಗೆ ಅನ್ಯಾಯವಲ್ಲವೇ? ಈ ಮಾತಿನಲ್ಲಿ ನೋವಿದೆ, ಅದನ್ನು ತಳ್ಳಿಹಾಕಬಾರದು. ಆದರೆ ಲೆಕ್ಕವನ್ನು ಪೂರ್ತಿ ಮಾಡಬೇಕು. ವರದಕ್ಷಿಣೆ 1961ರಿಂದ ಅಪರಾಧ. ಕೊಟ್ಟರೂ ಅದು ಮಗಳ ಕೈಗೆ ಹೋಗುವುದಿಲ್ಲ, ಗಂಡನ ಮನೆಗೆ ಹೋಗುತ್ತದೆ. ಮದುವೆಯ ಖರ್ಚು ಒಂದು ದಿನದಲ್ಲಿ ಮುಗಿಯುತ್ತದೆ, ತೋಟ ವರ್ಷವರ್ಷವೂ ಕಾಯಿ ಕೊಡುತ್ತದೆ. ಅಣ್ಣನ ಮದುವೆಯ ಖರ್ಚನ್ನು ಯಾರೂ ಅವನ ಪಾಲಿನಲ್ಲಿ ಮುರಿದುಕೊಳ್ಳುವುದಿಲ್ಲ. ಕುಟುಂಬಕ್ಕಾಗಿ ಮಾಡಿದ ಸಾಲವನ್ನು ವಿಭಾಗದಲ್ಲಿ ಆಸ್ತಿಯಂತೆಯೇ ಹಂಚಿಕೊಳ್ಳಬಹುದು. ಕೊಳವೆಬಾವಿಯ ಸಾಲದಲ್ಲಿ ತಂಗಿಯ ಭಾಗವನ್ನು ಬರೆದು ತೋರಿಸಲಿ, ಅವಳು ಹೊರಲಿ. ಇನ್ನು ಅಪ್ಪ-ಅಮ್ಮನನ್ನು ನೋಡಿಕೊಂಡವರು ಯಾರು ಎಂದು ನಿಜವಾಗಿ ಕೇಳಿದರೆ, ಅಣ್ಣನ ಹೆಸರಿನ ಹಿಂದೆ ಅತ್ತಿಗೆಯ ದುಡಿಮೆ ಕಾಣುತ್ತದೆ. ಅವಳೂ ತನ್ನ ತವರಿನಲ್ಲಿ ಪಾಲು ಬಿಟ್ಟು ಬಂದವಳೇ. ಪ್ರತಿ ಮನೆಯೂ ಮಗಳಿಗೆ ಪಾಲು ಕೊಟ್ಟರೆ ಪ್ರತಿ ಮನೆಗೂ ಸೊಸೆಯ ಮೂಲಕ ಪಾಲು ಬರುತ್ತದೆ ಎಂಬ ಸರಳ ಲೆಕ್ಕವನ್ನು ನಾವು ಮರೆತಿದ್ದೇವೆ.

ತೋಟ ಚೂರುಚೂರಾಗುತ್ತದೆ ಎಂಬುದು ಮೂರನೆಯ ಮಾತು. ನಾಲ್ಕು ಜನ ಅಣ್ಣತಮ್ಮಂದಿರು ತೋಟ ಹಂಚಿಕೊಂಡಾಗಲೂ ಅದು ಚೂರಾಗುತ್ತದೆ. ಕೊನೆಯ ತಮ್ಮ ತೋಟದ ಒಗ್ಗಟ್ಟಿಗಾಗಿ ಪಾಲು ಬಿಡಲಿ ಎಂದು ಯಾರೂ ಹೇಳಿದ್ದಿಲ್ಲ. ಚೂರಾಗುವುದು ನಿಜವಾದ ಸಮಸ್ಯೆಯಾದರೆ ಅದಕ್ಕೆ ಪರಿಹಾರ ಜಂಟಿ ಖಾತೆ: ತೋಟ ಒಡೆಯದೆ, ಕೊಬ್ಬರಿಯ ಆದಾಯವನ್ನು ಪಾಲಿನಂತೆ ಹಂಚಿಕೊಳ್ಳುವುದು. ಮರದ ಬೆಳೆಗೆ ಇದು ಸುಲಭ. ಪ್ರತಿವರ್ಷ ಉಳುಮೆ-ಬಿತ್ತನೆಯ ಜಗಳವಿಲ್ಲ, ಇಳುವರಿಯ ಲೆಕ್ಕ ಕಾಯಿಯಲ್ಲೇ ಸಿಗುತ್ತದೆ. ಪಾಲು ಕೇಳಿದರೆ ತವರಿನ ಪ್ರೀತಿ ಕೆಡುತ್ತದೆ ಎಂಬುದಕ್ಕೆ ನನ್ನ ಉತ್ತರ ನೇರವಾದದ್ದು. ತವರು ಬೇಕು, ಬಾಗಿನವೂ ಬೇಕು. ಅವನ್ನು ತುಚ್ಛವಾಗಿ ಕಾಣುವ ಸ್ತ್ರೀವಾದ ಇಲ್ಲಿನ ಹೆಣ್ಣುಮಕ್ಕಳನ್ನು ತಲುಪಲಾರದು. ಆದರೆ ಅಣ್ಣತಮ್ಮಂದಿರು ತಮ್ಮತಮ್ಮಲ್ಲಿ ಹಂಚಿಕೊಂಡೂ ಹಬ್ಬಕ್ಕೆ ಒಟ್ಟಿಗೆ ಕೂತು ಉಣ್ಣುತ್ತಾರೆ. ತಂಗಿಯೊಬ್ಬಳು ಹಂಚಿಕೊಂಡರೆ ಮಾತ್ರ ಕೆಡುವ ಪ್ರೀತಿಯನ್ನು ಉಳಿಸಿಕೊಳ್ಳುವ ಹೊಣೆ ತಂಗಿಯೊಬ್ಬಳದೇ ಆಗಬಾರದು.

ಇಷ್ಟು ಪಂಥಗಳು ಒಂದಕ್ಕೊಂದು ಜಗಳವಾಡುತ್ತಿದ್ದರೆ ಕೆಲಸ ಆಗುವುದು ಯಾವಾಗ ಎಂದು ಕೇಳಬಹುದು. ಪಹಣಿಯ ಮುಂದೆ ನಿಲ್ಲಿಸಿದಾಗ ಅವು ಒಂದರ ಕೊರತೆಯನ್ನು ಇನ್ನೊಂದು ತುಂಬಿದ್ದನ್ನು ಕಂಡೆವು. ಕೆಲಸದ ಪಟ್ಟಿಯೂ ಹಾಗೆಯೇ ಹುಟ್ಟುತ್ತದೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಮುನ್ನ ಹೆಣ್ಣುಮಗಳಿಗೆ ಅವಳ ಪಾಲಿನ ಇಂದಿನ ಬೆಲೆಯನ್ನು ಓದಿ ಹೇಳಿ, ಮನೆಯವರಿಲ್ಲದೆ ಯೋಚಿಸಲು ಕಾಲಾವಕಾಶ ಕೊಡುವ ನಿಯಮ ಬರಬೇಕು. ಉದಾರವಾದದ ಕಾನೂನಿಗೆ ತೀವ್ರವಾದದ ಎಚ್ಚರವನ್ನು ಸೇರಿಸಿದರೆ ಇದು ಸಿಗುತ್ತದೆ. ಗಂಡ-ಹೆಂಡತಿ ಇಬ್ಬರ ಹೆಸರೂ ಇರುವ ಖಾತೆಗೆ ಶುಲ್ಕ ಇರಕೂಡದು. ಸ್ವಾಮಿನಾಥನ್ ಆಯೋಗದ ಶಿಫಾರಸಿನ ಮೇಲೆ ಬಂದ 2007ರ ರಾಷ್ಟ್ರೀಯ ರೈತ ನೀತಿ ಜಮೀನಿಲ್ಲದ ಕೃಷಿ ಕಾರ್ಮಿಕರನ್ನೂ ಗೇಣಿದಾರರನ್ನೂ ರೈತರೆಂದೇ ಎಣಿಸುತ್ತದೆ. ಅದೇ ಸ್ವಾಮಿನಾಥನ್ ರಾಜ್ಯಸಭೆಯಲ್ಲಿ ಮಂಡಿಸಿದ 2011ರ ಮಹಿಳಾ ರೈತರ ಹಕ್ಕುಗಳ ಮಸೂದೆ ಪಹಣಿಯಿಲ್ಲದೆಯೂ ಹೆಣ್ಣಿಗೆ ರೈತ ಪ್ರಮಾಣಪತ್ರ ಕೊಡಬೇಕೆಂದಿತ್ತು. ಚರ್ಚೆಯಾಗದೆ ಅದು ಬಿದ್ದುಹೋಯಿತು. ಆ ಮಸೂದೆಯನ್ನು ಮತ್ತೆ ಎತ್ತಬೇಕು, ಕೊಬ್ಬರಿ ಖರೀದಿಯ ನೋಂದಣಿಗೆ ಆ ಪ್ರಮಾಣಪತ್ರವೂ ನಡೆಯಬೇಕು. ಭೂ ಒಡೆತನ ಯೋಜನೆಗೆ ಈ ಸೀಮೆಯಲ್ಲಿ ತೋಟದ ಜಮೀನು ಸಿಗುವಂತೆ ಖರೀದಿಗೆ ಕೊಡುವ ಹಣವನ್ನು ಏರಿಸಬೇಕು. ತೆಂಗಿನಪುಡಿ ಕಾರ್ಖಾನೆಯ ತುಂಡುಗೂಲಿ ಕನಿಷ್ಠ ವೇತನಕ್ಕಿಂತ ಕೆಳಗಿಳಿಯದಂತೆ ಕಾರ್ಮಿಕ ಇಲಾಖೆ ನೋಡಬೇಕು.

ಇವುಗಳಲ್ಲಿ ಕೆಲವು ಸರ್ಕಾರದ ಕೆಲಸ, ಕೆಲವು ಮನೆಯ ಕೆಲಸ. ಸರ್ಕಾರದ ಕೆಲಸಕ್ಕೆ ಸಂಘಟನೆ ಬೇಕು, ಅರ್ಜಿ ಬೇಕು, ಸಮಯ ಬೇಕು. ಮನೆಯ ಕೆಲಸಕ್ಕೆ ಯಾವ ಪಂಥದ ಹೆಸರನ್ನೂ ಕಲಿಯಬೇಕಿಲ್ಲ. ಮುಂದಿನ ಪೌತಿ ಖಾತೆಯ ಅರ್ಜಿಯಲ್ಲಿ ಅಕ್ಕತಂಗಿಯರ ಹೆಸರನ್ನು ಹಾಗೆಯೇ ಉಳಿಸಲು, ಒಪ್ಪಿಗೆ ಪತ್ರವನ್ನು ಲಗತ್ತಿಸದಿರಲು ಅಣ್ಣತಮ್ಮಂದಿರಿಗೆ ಇಂದೇ ಸಾಧ್ಯವಿದೆ. ತಂದೆಯಂದಿರಿಗೆ ಇನ್ನೂ ಸುಲಭ: ಬದುಕಿರುವಾಗಲೇ ಮಗಳ ಹೆಸರನ್ನು ಬರೆಸಬಹುದು. ಹೆಣ್ಣಿಗೆ ಸಲ್ಲಬೇಕಾದದ್ದನ್ನು ದಾನವಾಗಿ ಕೊಡುವುದಕ್ಕೂ ಹಕ್ಕಾಗಿ ಸಲ್ಲಿಸುವುದಕ್ಕೂ ಇರುವ ವ್ಯತ್ಯಾಸವನ್ನು ಈ ಸೀಮೆ ಒಪ್ಪಿಕೊಂಡ ದಿನ ಇಲ್ಲಿನ ಹೆಣ್ಣು ರೈತನ ಮನೆಯವಳಾಗಿ ಉಳಿಯುವುದಿಲ್ಲ, ರೈತಳೇ ಆಗುತ್ತಾಳೆ. ತೊಂಬತ್ತು ವರ್ಷದ ಹಿಂದೆ ಮೈಸೂರಿನ ಶಾಸನಸಭೆ ಕಾಗದದ ಮೇಲೆ ಶುರು ಮಾಡಿದ ಆ ಕೆಲಸವನ್ನು ಮುಗಿಸುವ ಹೊಣೆ ಈಗ ನಮ್ಮದು.